ಬಂದರಿನ ಹಿಂದಿನ ಮನೆ

ಫ್ರೇಸರ್‌ಪೇಟೆಯ ಆಚೆ ಹೊಳೆದಂಡೆಯ ಹಳ್ಳಿಯಲ್ಲಿ ಮಂಗಳೂರಿನ ಮಾತು ಬಂದರೆ ಎಲ್ಲರೂ ಸಿದ್ದಮ್ಮನ ಕಡೆ ತಿರುಗುತ್ತಿದ್ದರು. ಹಾಸನದ ಕಡೆಯಿಂದ ಬಂದು ನೆಲೆನಿಂತ ಒಕ್ಕಲು ಮನೆಗಳು ಅಲ್ಲಿದ್ದವು. ಆ ಮನೆಗಳ ಹೆಂಗಸರಲ್ಲಿ ಹೆಚ್ಚಿನವರು ಮಡಿಕೇರಿಯನ್ನೇ ಸರಿಯಾಗಿ ನೋಡಿರಲಿಲ್ಲ. ಸಿದ್ದಮ್ಮ ಮಾತ್ರ ಮದುವೆಗೆ ಮುಂಚೆ ಮೂರು ವರ್ಷ ಮಂಗಳೂರಿನಲ್ಲಿದ್ದು ಬಂದವಳು.

ಹೊಗೆಸೊಪ್ಪಿನ ಕಾಲದಲ್ಲಿ ಹೆಂಗಸರೆಲ್ಲ ಒಂದು ಕೊಟ್ಟಿಗೆಯಲ್ಲಿ ಕೂತು ಹಸಿ ಎಲೆಗಳನ್ನು ಕೋಲಿಗೆ ಕಟ್ಟುತ್ತಿದ್ದರು. ಕೈಗೆ ಕೆಲಸ, ಬಾಯಿಗೆ ಬಿಡುವು. ಯಾರಾದರೂ ಒಬ್ಬರು, “ಸಿದ್ದಮ್ಮ, ಆ ಸಮುದ್ರದ್ದು ಹೇಳು” ಅನ್ನುತ್ತಿದ್ದರು. ಅವಳು ಹೇಳುತ್ತಿದ್ದಳು.

“ಬಸ್ಸಿಳಿದ್ರೆ ಸಾಕು, ಎಲ್ಲಿಗೆ ಬೇಕಾದ್ರೂ ನಡ್ಕೊಂಡೇ ಹೋಗ್ಬೋದು. ಗಾಡಿ ಕಟ್ಟೋದು ಬೇಡ. ಒಂದು ಕಡೆ ಗುಡ್ಡದ ಮೇಲೆ ದೀಪದ ಕಂಬ. ಇನ್ನೊಂದು ಕಡೆ ವೆಂಕಟ್ರಮಣಸ್ವಾಮಿ ಗುಡಿ, ಆ ಬೀದಿ ತುಂಬ ಬಂಗಾರದಂಗಡಿ. ಹಂಗೇ ಇಳ್ಕೊಂಡು ಹೋದ್ರೆ ಬಂದರು. ಬೀದಿ ಕೊನೇಲಿ ಒಂದು ಕಲ್ಲುಕಟ್ಟೆ ಐತೆ. ಅದ್ರ ಮೇಲೆ ಕೂತ್ರೆ ಅಲೆ ಬಂದು ಕಾಲು ತೊಳ್ದು ಹೋಯ್ತದೆ. ನಾನು ದಿನಾ ಸಂಜೆ ಅಲ್ಲೇ ಕೂತ್ಕೊತಿದ್ದೆ.”

ಪಕ್ಕದ ಮನೆಯ ಕಾಳಮ್ಮ ಎಲೆ ಕಟ್ಟುವುದನ್ನೂ ಮರೆತು ಕೇಳುತ್ತಿದ್ದಳು. ಐವತ್ತು ದಾಟಿದ, ಮಾತಿನಲ್ಲಿ ಖಾರದ ಹೆಂಗಸು. ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ. ಸಿದ್ದಮ್ಮನ ಮಂಗಳೂರನ್ನು ಮಾತ್ರ ನಂಬಿದ್ದಳು. ಸಿದ್ದಮ್ಮನ ಅತ್ತೆ ಹುಚ್ಚಮ್ಮನಿಗಂತೂ ಸೊಸೆಯ ಬಗ್ಗೆ ಬಹಳ ಹೆಮ್ಮೆ. ಸಂತೆಯಲ್ಲಿ ಸಿಕ್ಕವರಿಗೆಲ್ಲ, “ನಮ್ಮ ಹುಡುಗಿ ನೆಂಟರ ಮನೇಲಿ ಇದ್ಕೊಂಡು ಪಟ್ಟಣ ಕಂಡೋಳು” ಎಂದು ಹೇಳುವಳು.

ನೆಂಟರ ಮನೆ ಎಂಬುದು ಸಿದ್ದಮ್ಮ ಹೇಳಿದ ಮೊದಲನೆಯ ಸುಳ್ಳು. ಅಪ್ಪ ಸತ್ತಮೇಲೆ, ಘಟ್ಟದ ಕೆಳಗೆ ಅಕ್ಕಿ ಗಾಡಿ ಹೊಡೆಯುತ್ತಿದ್ದ ಸೋದರಮಾವ ಅವಳನ್ನು ಮಂಗಳೂರಿನ ಅಕ್ಕಿ ಮಂಡಿಯ ಸಾಹುಕಾರರ ಮನೆಯಲ್ಲಿ ಕೆಲಸಕ್ಕೆ ಬಿಟ್ಟು ಬಂದಿದ್ದ. ಪಾತ್ರೆ ತಿಕ್ಕುವುದು, ರುಬ್ಬುವುದು, ತೊಟ್ಟಿಲಿನ ಮಗುವನ್ನು ನೋಡಿಕೊಳ್ಳುವುದು. ಅಲ್ಲಿ ಯಾರೂ ಅವಳನ್ನು ಹೊಡೆಯಲಿಲ್ಲ, ಹಸಿವಿನಲ್ಲಿ ಇಡಲೂ ಇಲ್ಲ. ಗೇಟು ದಾಟಬೇಡ ಎಂದಿದ್ದರು, ಅಷ್ಟೆ. ಅವಳು ದಾಟಲಿಲ್ಲ. ಮನೆಯ ಮಕ್ಕಳು ಸಂಜೆ ಕಾಲೆಲ್ಲ ಮರಳು ಮಾಡಿಕೊಂಡು ಬಂದು, ಹಡಗು ನೋಡಿದೆವು, ದೀಪದ ಗುಡ್ಡ ಹತ್ತಿದೆವು ಎಂದು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಿದ್ದರು. ಅವಳು ಜಗಲಿಯ ಮೇಲೆ ಬಿದ್ದ ಆ ಮರಳನ್ನು ಗುಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಅವಳು ಕಂಡ ಮಂಗಳೂರು ಎಂದರೆ ಅದಿಷ್ಟೆ.

ಮದುವೆಯಾಗಿ ಬಂದ ಹೊಸದರಲ್ಲಿ ಹೆಂಗಸರು ಅವಳ ಬರಿ ಕೈ, ಬರಿ ಕೊರಳು ನೋಡಿ, ಎಲ್ಲಿ ಬೆಳೆದೆ ಎಂದು ಕೇಳಿದ್ದರು. ಕೂಲಿಗಿದ್ದೆ ಎನ್ನಲು ನಾಲಿಗೆ ಏಳಲಿಲ್ಲ. ಅಕ್ಕಿ ಮಂಡಿಯ ಸಾಹುಕಾರರು ನೆಂಟರು, ಅವರ ಮನೆಯಲ್ಲಿ ಅಂದಳು. ಸಮುದ್ರ ನೋಡಿದೀಯ ಅಂದರು. ದಿನಾ ನೋಡುತ್ತಿದ್ದೆ ಅಂದಳು. ಆಮೇಲೆ ಹಿಂದಕ್ಕೆ ಬರುವ ದಾರಿ ಸಿಗಲಿಲ್ಲ.

ಹೀಗೇ ಹತ್ತು ವರ್ಷದ ಮೇಲಾಯಿತು. ಒಂದು ಸಲ ಕಾಳಮ್ಮನ ಅಳಿಯನಿಗೆ ವಿಷಮಜ್ವರ ಬಂದು ಉಳಿದಿದ್ದೇ ಹೆಚ್ಚಾಯಿತು. ಕಾಳಮ್ಮ ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದಳು. ಹುಚ್ಚಮ್ಮ ನಾನೂ ಬರುತ್ತೇನೆ ಅಂದಳು. ಹೆಂಗಸರಿಬ್ಬರನ್ನೇ ಕಳಿಸುವುದು ಹೇಗೆ ಎಂದು ಸಿದ್ದಮ್ಮನ ಗಂಡ ಕೃಷ್ಣಪ್ಪ ಹೊರಟ. ಕಾಳಮ್ಮ ಸಿದ್ದಮ್ಮನ ಕೈ ಹಿಡಿದು, “ನೀನು ಬರ್ದೆ ಇದ್ರೆ ಆಗ್ತದ? ಧರ್ಮಸ್ಥಳದ ಗಂಟ ಹೋಗಿ ಮಂಗಳೂರು ನೋಡ್ದೆ ಬರಾದ? ನನ್ನ ಮಂಡಿ ಇನ್ನೆಷ್ಟು ದಿನ ನಡೀತದೊ. ಆ ಕಟ್ಟೆ ಮೇಲೆ ನಂಗೂ ಒಂದ್ಸಲ ಕೂತ್ಕೋಬೇಕು” ಅಂದಳು.

ಸಿದ್ದಮ್ಮ ಹಸು ಈಯುವ ದಿನ ಹತ್ತಿರ ಬಂತು ಅಂದಳು. ಹಸು ನೋಡಿಕೊಳ್ಳಲು ಕೃಷ್ಣಪ್ಪ ಅಣ್ಣನ ಮನೆಯವರಿಗೆ ಹೇಳಿದ. ಸೊಂಟ ನೋವು ಅಂದಳು. ಅತ್ತೆ ಎಣ್ಣೆ ಕಾಯಿಸಿ ತಂದಳು. ಕೊನೆಗೆ ಗಂಡನಿಗಾದರೂ ನಿಜ ಹೇಳಿಬಿಡೋಣವೆಂದು ಒಂದು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದಳು.

“ಆ ಮಂಗಳೂರಿನ ವಿಷಯ ಒಂದು ಮಾತು ಹೇಳ್ಬೇಕಿತ್ತು” ಎಂದು ಶುರು ಮಾಡಿದಳು.

ಕೃಷ್ಣಪ್ಪ ಮುದ್ದೆ ಮುರಿಯುತ್ತ ನಕ್ಕ. “ನಂಗೂ ಆಸೆ ಐತೆ ಕಣೆ. ನೀನು ಓಡಾಡಿದ ಜಾಗ ನೋಡ್ಬೇಕು ಅಂತ. ನಿನ್ನ ನೆಂಟರ ಮನೆಗೂ ಒಂದ್ಸಲ ಹೋಗ್ಲಿಲ್ಲ ನಾನು, ಏನಂದ್ಕೊಂಡಿರ್ತಾರೊ.”

ಅವಳು ಸಾರಿನ ತಂಬಿಗೆಯನ್ನು ಅವನ ಮುಂದಕ್ಕೆ ಸರಿಸಿದಳು.

ಹೇಳಿದ ದಿನ ನಾಲ್ವರೂ ಹೊರಟರು. ಸಂಪಾಜೆಯ ಗಡಿ ಗೇಟಿನಲ್ಲಿ, ಆಗ ಮಂಗಳೂರು ಸೀಮೆಯನ್ನು ಆಳುತ್ತಿದ್ದ ಮದರಾಸು ಸರಕಾರದವನೊಬ್ಬ ಬಸ್ಸು ಹತ್ತಿ, ಗಂಟುಗಳನ್ನೆಲ್ಲ ಮುಟ್ಟಿ ನೋಡಿ ಇಳಿದುಹೋದ. ಧರ್ಮಸ್ಥಳದಲ್ಲಿ ಹರಕೆ ಒಪ್ಪಿಸಿದರು. ಮಂಜುನಾಥಸ್ವಾಮಿಯ ಎದುರು ನಿಂತಾಗ, ಬಸ್ಸು ಕೆಟ್ಟು ನಿಲ್ಲಲಿ, ಇಲ್ಲ ತನಗೇ ಜ್ವರ ಬರಲಿ ಎಂದು ಅವಳು ಬೇಡಿಕೊಂಡಳು. ಹಾಗೆ ಬೇಡಿದ್ದಕ್ಕೂ ನಾಚಿಕೆಯಾಯಿತು. ಮಾರನೆಯ ದಿನ ಬೆಳಗ್ಗೆಯೇ ಮಂಗಳೂರಿನ ಬಸ್ಸು ಸಿಕ್ಕಿತು, ಹೊತ್ತಿಗೆ ಸರಿಯಾಗಿ ತಲುಪಿತು.

ಹಂಪನಕಟ್ಟೆಯಲ್ಲಿ ಇಳಿದು ಕಾಳಮ್ಮ ಸೆರಗು ಸರಿಮಾಡಿಕೊಂಡಳು. “ಈಗ ನೀನು ಮುಂದೆ ನಡಿ. ಮೊದ್ಲು ಯಾವ್ದು? ದೀಪದ ಗುಡ್ಡವ, ಗುಡಿಯ?”

“ಗುಡಿ” ಅಂದಳು ಸಿದ್ದಮ್ಮ. ಎದುರಿಗೆ ಕಂಡ ರಸ್ತೆಯಲ್ಲಿ ಹೊರಟಳು.

ಯಾರನ್ನಾದರೂ ಕೇಳಿದ್ದರೆ ಬೇಗ ತಲುಪುತ್ತಿದ್ದರು. ಮೂರು ವರ್ಷ ಇದ್ದವಳು ದಾರಿ ಕೇಳುವುದು ಹೇಗೆ? ಇಳಿಜಾರು ಸಿಕ್ಕಿದ ಕಡೆ ಇಳಿದಳು, ಜನ ಕಂಡ ಕಡೆ ತಿರುಗಿದಳು. ಎರಡೂ ಕಡೆ ಕೆಂಪು ಹಂಚಿನ ಮನೆಗಳು, ತೆಂಗಿನ ಮರಗಳು, ಮೀನಿನ ಬುಟ್ಟಿ ಹೊತ್ತು ಓಡುವ ಹೆಂಗಸರು. ತಮ್ಮ ಕಡೆಯಂತೆ ಗಾಳಿಯಿಲ್ಲ. ಬೆವರು ಆರುವುದೇ ಇಲ್ಲ. ಒಂದು ಏರು ಹತ್ತಿಸಿ, “ಇದೇ ದೀಪದ ಗುಡ್ಡ” ಅಂದಳು. ಮೇಲೆ ಹೋಗಿ ನೋಡಿದರೆ ಹಂಚಿನ ಕಾರ್ಖಾನೆಯ ಹೊಗೆಗೂಡು. ಹುಚ್ಚಮ್ಮ ಅದಕ್ಕೇ ಕೈ ಮುಗಿದಳು. ಅಲ್ಲಿದ್ದ ಕೂಲಿಯೊಬ್ಬ ನಗುವುದನ್ನು ಸಿದ್ದಮ್ಮ ನೋಡಿದಳು, ನೋಡದವಳ ಹಾಗೆ ಕೆಳಗಿಳಿದಳು.

“ಈ ಬಟ್ಟೆ ಅಂಗಡಿ ಆಗ್ಲೇ ದಾಟಿದ್ವಲ್ಲ” ಅಂದಳು ಕಾಳಮ್ಮ ಸ್ವಲ್ಪ ಹೊತ್ತಿನ ಮೇಲೆ.

“ಅದು ಬೇರೆ ಕಾಳಕ್ಕ. ಇಲ್ಲಿ ಎಲ್ಲಾ ಒಂದೇ ಥರ ಇರ್ತವೆ.”

“ಒಳಗೆ ಕೂತಿರೊ ಆ ದಪ್ಪ ಮನುಷ್ಯನೂ ಒಂದೇ ಥರವ?”

ಕೃಷ್ಣಪ್ಪ ಅಂಗಡಿಯವನ ಹತ್ತಿರ ಹೋಗಿ ದಾರಿ ಕೇಳಿದ. ಗುಡಿ ಒಂದು ಕೂಗಿನಷ್ಟು ದೂರದಲ್ಲೇ ಇತ್ತು. ದೇವರಿಗೆ ಕೈಮುಗಿದು, ಉಡುಪಿಯವರ ಹೋಟೆಲಿನಲ್ಲಿ ಗೋಳಿಬಜೆ ತಿಂದು ಕಾಫಿ ಕುಡಿದರು. ಹುಚ್ಚಮ್ಮನ ಮುಖ ಅರಳಿತು. ದೀಪದ ಗುಡ್ಡವನ್ನೂ ಕೇಳಿಕೊಂಡೇ ಹತ್ತಿ ಬಂದರು. ಈಗ ಮುಂದೆ ನಡೆಯುತ್ತಿದ್ದವನು ಕೃಷ್ಣಪ್ಪ. ಸಿದ್ದಮ್ಮ ಎಲ್ಲರಿಗಿಂತ ಹಿಂದೆ ಇದ್ದಳು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಅದು ಕೇಳುವುದಕ್ಕಿಂತ ಕಷ್ಟವಾಗಿತ್ತು.

ಬಂದರಿಗೆ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಸರಕು ಹೇರುವ ದಕ್ಕೆಯ ಉದ್ದಕ್ಕೂ ದೊಡ್ಡ ಮರದ ಹಡಗುಗಳು ಹಾಯಿ ಮಡಚಿ ನಿಂತಿದ್ದವು. ಕೂಲಿಗಳು ಹಂಚು ಹೊತ್ತು ಹಲಗೆಯ ಮೇಲೆ ಹತ್ತಿ ಇಳಿಯುತ್ತಿದ್ದರು. ಕಾಳಮ್ಮ ಎಲ್ಲರನ್ನೂ ದಾಟಿಕೊಂಡು ನೀರಿನ ಅಂಚಿಗೆ ಹೋಗಿ ನಿಂತಳು. ನೀರು ಕದಲದೆ ಹಸಿರಾಗಿ ಮಲಗಿತ್ತು. ಎದುರಿಗೆ, ಕೈಗೆ ಸಿಗುವ ಹಾಗೆ, ಆಚೆ ದಡದ ತೆಂಗಿನ ಮರಗಳು.

“ಇದು ಸಮುದ್ರವ? ಆಚೆ ದಡ ಕಾಣ್ತದಲ್ಲ. ನಮ್ಮ ಕಾವೇರಿನೇ ಮಳೆಗಾಲದಲ್ಲಿ ಇದಕ್ಕಿಂತ ಜೋರಾಗಿರ್ತದೆ.”

ಹಲಗೆಯ ಹತ್ತಿರ ಕೂತು ಎಲೆಯಡಿಕೆ ಹಾಕುತ್ತಿದ್ದ ಕೂಲಿಯೊಬ್ಬ ಕೇಳಿಸಿಕೊಂಡ. “ಇದು ಹೊಳೆ ಅಮ್ಮ. ಸಮುದ್ರ ಆ ಎದುರಿನ ದಡದ ಬೆಂಗ್ರೆಯ ಆಚೆ ಉಂಟು. ದೋಣಿಯಲ್ಲಿ ದಾಟಿ ಹೋಗಬೇಕು.”

ಕಾಳಮ್ಮ ಸಿದ್ದಮ್ಮನ ಕಡೆ ತಿರುಗಿದಳು. “ಆ ಕಟ್ಟೆ ಎಲ್ಲಿ? ಅಲೆ ಬಂದು ಕಾಲು ತೊಳೀತದೆ ಅಂದ್ಯಲ್ಲ.”

ಸಿದ್ದಮ್ಮನ ಬಾಯಿಂದ ಇನ್ನೊಂದು ಸುಳ್ಳು ತಾನಾಗಿಯೇ ಹೊರಬಂತು. “ಆಗ ಹಿಂಗಿರ್ಲಿಲ್ಲ ಕಾಳಕ್ಕ. ಆಗ ಸಮುದ್ರ ಇಲ್ಲೇ ಇತ್ತು. ಹೊಳೆ ಆಮೇಲೆ ಈ ಕಡೆ ಬಂದಿರ್ಬೇಕು.”

ಕೂಲಿ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ನಕ್ಕ. ತನ್ನ ಜೊತೆಯವನಿಗೆ ತುಳುವಿನಲ್ಲಿ ಏನೋ ಹೇಳಿದ, ಅವನೂ ನಕ್ಕ. ಭಾಷೆ ತಿಳಿಯದ ಮೂವರಿಗೂ ಏನೆಂದು ತಿಳಿಯಿತು. ಹುಚ್ಚಮ್ಮ ನಡುವೆ ಬಂದು, “ಹೋಗ್ಲಿ ಬಿಡು ಕಾಳಮ್ಮ, ಆಗ ಚಿಕ್ಕೋಳು ಅವಳು. ನೆನಪು ಹೆಚ್ಚುಕಮ್ಮಿ ಆಗಿರ್ತದೆ” ಅಂದಳು. ಮತ್ತೆ ಸೊಸೆಗೆ, “ಬಾಯಾರಿಕೆ ಆಗ್ತದೆ ಕಣವ್ವ. ನಿಮ್ಮ ನೆಂಟರ ಮನೆಗೆ ಹೋಗಿ ಒಂದು ಲೋಟ ನೀರು ಕುಡ್ದು, ಆಮೇಲೆ ದೋಣಿ ಹತ್ತಾನ” ಅಂದಳು.

“ಅವರು ಈಗ ಇಲ್ಲಿಲ್ವೇನೊ ಅತ್ತೆ.”

ಅಷ್ಟರಲ್ಲಿ ಕೃಷ್ಣಪ್ಪ ಕೂಲಿಯನ್ನು ಕೇಳಿಯಾಗಿತ್ತು. ಅಕ್ಕಿ ಮಂಡಿಯ ಸಾಹುಕಾರರ ಮನೆ ಎಂದ ಕೂಡಲೆ ಅವನು ಹಿಂದಿನ ಓಣಿ ತೋರಿಸಿದ. ದಕ್ಕೆಯ ಗೋದಾಮು ದಾಟಿದರೆ ಸಾಕು, ಆ ಮನೆ. ಸಿದ್ದಮ್ಮ ನಿಂತು ನೋಡಿದಳು. ಅದೇ ಹಸಿರು ಗೇಟು. ಹಡಗು, ಹೊಳೆ, ದೋಣಿ, ಎಲ್ಲವೂ ಈ ಗೇಟಿನಿಂದ ಇಷ್ಟು ಹತ್ತಿರ ಇದ್ದವೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಜಗಲಿಯ ಮೇಲೆ ವಿಮಲಮ್ಮ ಅಕ್ಕಿ ಆರಿಸುತ್ತಿದ್ದರು. ಆ ಮನೆಯ ಯಜಮಾನಿ ಅವರೇ. ಕೂದಲು ಬೆಳ್ಳಗಾಗಿತ್ತು. ಕನ್ನಡಕದ ಮೇಲಿನಿಂದ ದಿಟ್ಟಿಸಿ ನೋಡಿದರು.

“ಯಾರು? ಸಿದ್ದಿ ಅಲ್ವಾ ನೀನು? ಎಷ್ಟು ವರ್ಷವಾಯ್ತು ಮಾರಾಯ್ತಿ. ಬಾ, ಹಿಂದಿನಿಂದ ಬಾ. ಇವರೆಲ್ಲ ನಿನ್ನವರಾ? ಬನ್ನಿ, ಇಲ್ಲಿ ಜಗಲಿಯಲ್ಲಿ ಕೂತುಕೊಳ್ಳಿ. ನೀರು, ಬೆಲ್ಲ ತರಿಸ್ತೇನೆ. ಕೆಲಸದವಳು ಇವತ್ತು ಬರಲೂ ಇಲ್ಲ ನೋಡಿ.”

ಸಿದ್ದಮ್ಮ ಗಂಡನ ಮುಖ ನೋಡಲಿಲ್ಲ. ಮನೆಯ ಪಕ್ಕದಿಂದ ಬಾವಿಕಟ್ಟೆಯ ಕಡೆಗೆ ನಡೆದಳು. ನೀರು ಕೊಡಲು ಲೋಟ ಬೇಕಿತ್ತು. ಲೋಟಗಳು ಮುಸುರೆಯ ರಾಶಿಯಲ್ಲಿದ್ದವು. ನಾಲ್ಕು ಲೋಟ ತೊಳೆಯೋಣವೆಂದು ಕೂತಳು. ಬೂದಿ, ತೆಂಗಿನ ನಾರು ಇಟ್ಟಿದ್ದ ಜಾಗಕ್ಕೆ ಕೈ ತಾನೇ ಹೋಯಿತು. ಲೋಟ ಮುಗಿದಮೇಲೆ ಕೈ ನಿಲ್ಲಲಿಲ್ಲ. ತಟ್ಟೆ, ಬೋಗುಣಿ, ಅನ್ನದ ತಪ್ಪಲೆ, ಒಂದೊಂದಾಗಿ ಎಳೆದುಕೊಂಡು ತಿಕ್ಕುತ್ತ ಹೋದಳು. ಹರಕೆಗೆಂದು ಉಟ್ಟಿದ್ದ ಹೊಸ ಸೀರೆಯ ನೆರಿಗೆ ಮುಸುರೆ ನೀರಿನಲ್ಲಿ ನೆನೆಯಿತು.

ಜಗಲಿಯ ಮಾತು ಇಲ್ಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಹುಚ್ಚಮ್ಮ ಸಂಕೋಚದಿಂದ, “ನಾನು ಅವಳ ಅತ್ತೆ, ತಾಯಿ. ಇಷ್ಟು ವರ್ಷ ಬರ್ಲಿಲ್ಲ ಅಂತ ತಪ್ಪು ತಿಳೀಬೇಡಿ. ನೀವು ನಮಗೆ ಬೀಗರಾಗ್ಬೇಕು” ಎನ್ನುತ್ತಿದ್ದಳು.

“ಬೀಗರಾ?” ವಿಮಲಮ್ಮನ ದನಿಯಲ್ಲಿ ತಮಾಷೆಯಿರಲಿಲ್ಲ, ಅರ್ಥವಾಗಲಿಲ್ಲ ಅಷ್ಟೆ. “ಇಲ್ಲ ಅಮ್ಮ, ಅವಳು ನಮ್ಮಲ್ಲಿ ಕೆಲಸಕ್ಕಿದ್ದದ್ದು. ಆದರೆ ಹೇಳಬೇಕು, ಅಂಥ ಹುಡುಗಿ ಮತ್ತೆ ನಮಗೆ ಸಿಕ್ಕಲಿಲ್ಲ. ಗೇಟು ದಾಟಬೇಡ ಅಂದರೆ ಮೂರು ವರ್ಷವೂ ದಾಟಲಿಲ್ಲ ನೋಡಿ. ನಾವೆಲ್ಲ ಬೆಂಗ್ರೆಗೆ, ಸಮುದ್ರಕ್ಕೆ ಹೋದರೂ ಮಗುವನ್ನು ಎತ್ತಿಕೊಂಡು ಮನೆಯಲ್ಲೇ ಇರ್ತಿದ್ದಳು. ಒಂದು ದಿನ ನಾನೂ ಬರ್ತೇನೆ ಅಂತ ಕೇಳಿದವಳಲ್ಲ.”

ಸಿದ್ದಮ್ಮ ತಪ್ಪಲೆಯ ತಳ ತಿಕ್ಕಿದಳು. ಬಾವಿಯ ಹಗ್ಗ ಕಣ್ಣೆದುರೇ ನೇತಾಡುತ್ತಿತ್ತು. ತಲೆ ಎತ್ತುವುದು ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಹುಚ್ಚಮ್ಮನ ಧೂಳು ತುಂಬಿದ ಪಾದಗಳು. ಸಿದ್ದಮ್ಮನ ಕೈ ಆಗಲೂ ಬೂದಿಯಲ್ಲೇ ಇತ್ತು.

“ಏಳು” ಅಂದಳು ಹುಚ್ಚಮ್ಮ. “ಕೈ ತೊಳ್ಕೊ.” ಬಿಂದಿಗೆ ಬಗ್ಗಿಸಿ ತಾನೇ ನೀರು ಹಾಕಿದಳು.

ಹೊರಡುವಾಗ ವಿಮಲಮ್ಮ ಒಳಗಿನಿಂದ ಒಂದು ಹಳೆಯ ಸೀರೆ ತಂದರು. ಸಿದ್ದಮ್ಮ ಎರಡೂ ಕೈ ಮುಂದೆ ಚಾಚಿಬಿಟ್ಟಿದ್ದಳು. ಹುಚ್ಚಮ್ಮ ಮೆಲ್ಲಗೆ, “ಬೇಡ ತಾಯಿ. ಅವಳಿಗೆ ಉಡಾಕೆ ಕಮ್ಮಿ ಮಾಡಿಲ್ಲ ನಾವು” ಅಂದಳು. ವಿಮಲಮ್ಮ ಬೇಸರಪಟ್ಟುಕೊಳ್ಳಲಿಲ್ಲ. “ಇನ್ನೊಮ್ಮೆ ಬಾ ಸಿದ್ದಿ” ಎಂದು ಗೇಟಿನ ತನಕ ಬಂದರು.

ಓಣಿಯಲ್ಲಿ ಗೋದಾಮಿನ ನೆರಳಿಗೆ ಬಂದಮೇಲೆ ಕಾಳಮ್ಮ ಬಾಯಿ ಬಿಟ್ಟಳು. ಕೂಗಾಡಲಿಲ್ಲ. “ನಮ್ಮಣ್ಣನ ಮಗಳ ಮದ್ವೇಲಿ ಈ ಕಟ್ಟೆ ವಿಷಯ ಹೇಳಿದ್ದೆ ನಾನು. ಕಣ್ಣಲ್ಲಿ ಕಂಡೋಳಂಗೆ ಹೇಳಿದ್ದೆ. ಅವರೆಲ್ಲ ಬಾಯಿ ಬಿಟ್ಕೊಂಡು ಕೇಳಿದ್ರು. ಈಗ ನಾನು ಅವರ ಮುಂದೆ ಏನಾದೆ?” ಮತ್ತೆ, “ಕೂಲಿಗಿದ್ದೆ ಅಂದಿದ್ರೆ ನಾವೇನು ನಿನ್ನ ಕೀಳಾಗಿ ನೋಡ್ತಿದ್ವ?” ಅಂದಳು.

ನೋಡುತ್ತಿದ್ದಿರಿ ಎಂದು ಸಿದ್ದಮ್ಮನಿಗೆ ಗೊತ್ತಿತ್ತು. ಕಾಳಮ್ಮನಿಗೂ ಗೊತ್ತಿತ್ತೇನೊ. ಆದರೆ ಅದನ್ನು ಹೇಳುವ ಹಕ್ಕು ತನಗಿಲ್ಲ ಎನಿಸಿತು. “ತಪ್ಪಾಯ್ತು ಕಾಳಕ್ಕ” ಅಂದಳು. ಕಾಳಮ್ಮ ಕೇಳಿಸಿಕೊಳ್ಳದವಳಂತೆ ದೋಣಿಯ ಕಡೆ ನಡೆದಳು. ಇಷ್ಟು ದೂರ ಬಂದು ಸಮುದ್ರ ನೋಡದೆ ಹೋಗುವವಳಲ್ಲ ಅವಳು.

ದೋಣಿಯಲ್ಲಿ ಕೃಷ್ಣಪ್ಪ ಹೆಂಡತಿಯ ಪಕ್ಕ ಕೂತ. ಅರ್ಧ ಹೊಳೆ ದಾಟಿದಮೇಲೆ ಕೇಳಿದ.

“ಆವತ್ತು ಹೊಲದಲ್ಲಿ ಏನೋ ಹೇಳಾಕೆ ಬಂದಿದ್ದೆ. ಇದೇನಾ?”

“ಹೂಂ.”

“ನಾನು ಹೇಳಾಕೆ ಬಿಡ್ಲಿಲ್ಲ.” ಮತ್ತೆ, “ಬಿಟ್ಟಿದ್ರೂ ನೀನು ಹೇಳ್ತಿದ್ಯೊ ಇಲ್ವೊ” ಅಂದ. ಅವಳಿಗೂ ಅದು ಗೊತ್ತಿರಲಿಲ್ಲ.

ಬೆಂಗ್ರೆಯ ಗುಡಿಸಲುಗಳ ನಡುವೆ, ಒಣಗಲು ಹರಡಿದ ಮೀನು ದಾಟಿ, ಮರಳಿನಲ್ಲಿ ಕಾಲು ಹೂಳುತ್ತ ನಡೆದರು. ಕಣ್ಣಿಗೆ ಬೀಳುವ ಮೊದಲೇ ಸಮುದ್ರ ಕೇಳಿಸಿತು. ಆ ಶಬ್ದ ಸಿದ್ದಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆ ಮನೆಯ ಅಡುಗೆಕೋಣೆಯಲ್ಲಿ ಚಾಪೆ ಹಾಸಿ ಮಲಗಿದಾಗ ಕೇಳುತ್ತಿದ್ದ ಮೊರೆತ. ಮರಳಿನ ದಿಬ್ಬ ಹತ್ತಿದ ಕೂಡಲೆ ಎಲ್ಲ ಕಡೆಯೂ ನೀರು. ಕಾಳಮ್ಮ, “ಅಯ್ಯಪ್ಪ” ಎಂದು ಅಲ್ಲೇ ನಿಂತಳು. ಆಮೇಲೆ ಸೀರೆ ಎತ್ತಿ ಕಟ್ಟಿ, ನೋಯುವ ಮಂಡಿಯನ್ನು ಮರೆತು, ನೀರಿಗಿಳಿದಳು. ಅಲೆ ಬಂದು ಬಡಿದಾಗ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಕೃಷ್ಣಪ್ಪ ಅವ್ವನ ಕೈ ಹಿಡಿದು ನೀರಿಗೆ ಕರೆದೊಯ್ದ. ಸಿದ್ದಮ್ಮ ದಿಬ್ಬದ ಮೇಲೆ ಗಂಟುಗಳನ್ನು ಕಾಯುತ್ತ ಕೂತಳು. ಯಾರೂ ಕಾಯಲು ಹೇಳಿರಲಿಲ್ಲ.

ಹುಚ್ಚಮ್ಮ ಒದ್ದೆ ಕಾಲಿನಲ್ಲಿ ಬಂದು ಪಕ್ಕ ಕೂತಳು. “ಹೋಗು, ನೀನೂ ನೋಡು.”

“ಇಲ್ಲಿಂದ್ಲೇ ಕಾಣ್ತದೆ ಅತ್ತೆ.”

“ನಾನು ಸಂತೇಲಿ ಎಲ್ರಿಗೂ ಹೇಳ್ಕೊಂಡು ತಿರುಗ್ದೆ” ಅಂದಳು ಹುಚ್ಚಮ್ಮ. ಬೈಗುಳವಲ್ಲ ಅದು, ದಣಿದ ಮಾತು. “ಅಪ್ಪ ಇಲ್ದ ಹುಡುಗಿ ಮೂರು ವರ್ಷ ಯಾರ ಮನೇಲಿ ಇದ್ಲು, ಏನು ಮಾಡ್ತಿದ್ಲು ಅಂತ ಒಂದು ದಿನ ಕೇಳ್ಲಿಲ್ಲ. ಪಟ್ಟಣದೋಳು ಅಂತ ಹೇಳ್ಕಳಾದೇ ಚೆಂದ ಆಗಿತ್ತು ನಂಗೆ.”

ಸಿದ್ದಮ್ಮನಿಗೆ ಆಗ ಅಳು ಬಂತು. ಅತ್ತೆ ಬೈದಿದ್ದರೆ ಬರುತ್ತಿರಲಿಲ್ಲ. ಹುಚ್ಚಮ್ಮ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಮುಖ ಒರೆಸಿಕೊಂಡಮೇಲೆ ಸಿದ್ದಮ್ಮ ನೀರಿನ ಅಂಚಿಗೆ ಹೋಗಿ, ಕಾಳಮ್ಮನಿಂದ ದೂರದಲ್ಲಿ, ಪಾದ ನೆನೆಯುವಷ್ಟು ನಿಂತು ಬಂದಳು.

ಊರಿಗೆ ಮರಳಿದ ವಾರದಲ್ಲೇ ಕೊಟ್ಟಿಗೆಯಲ್ಲಿ ಕಾಳಮ್ಮ ಎಲ್ಲವನ್ನೂ ಹೇಳಿದಳು. ಹೊಳೆ ಈಚೆಗೆ ಬಂತು ಎಂದದ್ದು, ಹೊಗೆಗೂಡಿಗೆ ಕೈ ಮುಗಿದದ್ದು, ಒಂದೂ ಬಿಡಲಿಲ್ಲ. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಸಿದ್ದಮ್ಮ ಅಲ್ಲೇ ಮೂಲೆಯಲ್ಲಿ ಎಲೆ ಕಟ್ಟುತ್ತಿದ್ದಳು. ಬರದೆ ಇರಬಹುದಿತ್ತು, ಆದರೂ ಬಂದಿದ್ದಳು. ನಗುವಿಗಿಂತ ಅವಳನ್ನು ಹೆಚ್ಚು ಸುಟ್ಟದ್ದು, ಸಂತೆಯಲ್ಲಿ ಯಾರಾದರೂ ಸೊಸೆಯ ವಿಷಯ ಎತ್ತಿದರೆ ಹುಚ್ಚಮ್ಮ ತಲೆ ತಗ್ಗಿಸಿ ಬೇರೆ ಮಾತಿಗೆ ಹೋಗುವುದು. ಅದನ್ನು ಅವಳು ಎರಡು ಸಲ ಕಂಡಳು. ಕಾಳಮ್ಮ ಒಲೆಗೆ ಬೆಂಕಿ ಕೇಳಲು ಕೂಡ ಇವರ ಮನೆಗೆ ಬರುವುದನ್ನು ಬಿಟ್ಟಳು.

ಮಳೆಗಾಲ ಕಳೆದು ಮತ್ತೆ ಎಲೆ ಮುರಿಯುವ ಕಾಲ ಬಂತು. ಒಂದು ದಿನ ಕೊಟ್ಟಿಗೆಯಲ್ಲಿ ಬೇರೆ ಜಾಗವಿಲ್ಲದೆ ಕಾಳಮ್ಮ ಸಿದ್ದಮ್ಮನ ಎದುರು ಕೂರಬೇಕಾಯಿತು. ಇಬ್ಬರೂ ಎಲೆ ಕಟ್ಟುತ್ತಿದ್ದರು. ಕಾಳಮ್ಮನ ಕಣ್ಣು ಸಿದ್ದಮ್ಮನ ಕೈಯ ಮೇಲೇ ಇತ್ತು.

“ಆ ಮನೇಲಿ ಉಣ್ಣಾಕೆ ಏನು ಕೊಡ್ತಿದ್ರು?” ಎಂದು ಕೇಳಿದಳು.

ಸಿದ್ದಮ್ಮ ಕೋಲು ಕೆಳಗಿಟ್ಟಳು. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. “ಗಂಜಿ” ಅಂದಳು. “ಬೆಳಗ್ಗೆ ಗಂಜಿ, ಉಪ್ಪಿನಕಾಯಿ. ಮಧ್ಯಾಹ್ನ ಅವರದ್ದೆಲ್ಲ ಆದಮೇಲೆ ಅನ್ನ.”

“ಎಲ್ಲಿ ಕೂತು ಉಣ್ತಿದ್ದೆ?”

“ಬಾವಿಕಟ್ಟೆ ಹತ್ರ.”

ಕಾಳಮ್ಮ ತನ್ನ ಮುಂದಿದ್ದ ಎಲೆಗಳಲ್ಲಿ ಅರ್ಧ ಎತ್ತಿ, ಸೇರಿ ಕಟ್ಟಲೆಂದು, ಇಬ್ಬರ ನಡುವೆ ಹಾಕಿದಳು. ಸಿದ್ದಮ್ಮ ತಲೆ ಎತ್ತದೆಯೇ, ತಗ್ಗಿದ ದನಿಯಲ್ಲಿ, ಆ ಮನೆಯ ಮೂರು ವರ್ಷವನ್ನು ಹೇಳಿದಳು. ಈ ಸಲ ಹೇಳುವುದಕ್ಕೆ ಹೆಚ್ಚೇನೂ ಇರಲಿಲ್ಲ.